ವಾರಗಿತ್ತಿಯ ಜ್ಞಾನಸ್ನಾನ

ಪರದೆಯ ಮೇಲೆ ಹಿಮ ಬೀಳುತ್ತಿತ್ತು. ಅದಕ್ಕೆ ಮೊದಲು ಕೆಂಪು ಎಲೆಗಳು ಉದುರಿದ್ದವು, ಅದಕ್ಕೂ ಮೊದಲು ಯಾವುದೋ ಹಳದಿ ಹೂವು ಬಯಲು ತುಂಬ ಅರಳಿತ್ತು. ಪಾಸ್ಟರ್ ಜಾನ್ ಸೆಲ್ವಂ ಕೈಯಲ್ಲಿದ್ದ ಗುಂಡಿ ಒತ್ತಿದಾಗೆಲ್ಲ ಒಂದು ಋತು ಹೋಗಿ ಇನ್ನೊಂದು ಬರುತ್ತಿತ್ತು. ವಿಶ್ವಾಸಿಯ ಬಾಳಿಗೂ ನಾಲ್ಕು ಋತುಗಳುಂಟು, ಯಾವುದೂ ನಿಲ್ಲುವುದಿಲ್ಲ ಎಂದು ಅವರು ತಮಿಳಿನಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ, ಮೈಕಿಗೆ ತುಟಿ ತಾಗಿಸಿ ಹೇಳುತ್ತಿದ್ದರು. ಹಿಂದೆ ಕೀಬೋರ್ಡಿನವನು ಹಿಮಕ್ಕೆ ತಕ್ಕ ಹಾಗೆ ಮೆಲ್ಲಗೆ ನುಡಿಸುತ್ತಿದ್ದ.

ಎರಡನೆಯ ಸಾಲಿನ ತುದಿಯಲ್ಲಿ, ಗೋಡೆಗೆ ತಾಗಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ರಾಜಾತಿ ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡಳು. ಸೇಲಂನ ಅಮ್ಮಾಪೇಟೆಯಲ್ಲಿ, ಕನ್ನಡ ಮಾತಾಡುವ ನೇಕಾರರ ಒಂದು ಮಗ್ಗದ ಮನೆಯಲ್ಲಿ ಹುಟ್ಟಿ, ಅದೇ ಪೇಟೆಯ ಇನ್ನೊಂದು ಮಗ್ಗದ ಮನೆಗೆ ಸೊಸೆಯಾಗಿ ಬಂದು, ಅರವತ್ತೆರಡು ವರ್ಷ ಕಳೆದವಳು ಅವಳು. ಎಲೆ ಕೆಂಪಾಗಿ ಉದುರುವುದನ್ನು ನೋಡಿದ್ದು ಈ ಪಾಸ್ಟರ್ ಹುಡುಗನ ಪರದೆಯ ಮೇಲೆ ಮಾತ್ರ. ಸೇಲಂನಲ್ಲಿ ಋತುಗಳು ಎರಡೇ: ಬಿಸಿಲು, ಬಿಸಿಲು ಹೋದ ಮೇಲೂ ಉಳಿಯುವ ಸೆಕೆ. ಇವನ ಹಿಮ ಯಾವ ಊರಿನವರ ನಂಬಿಕೆಗೆ ಬೀಳುತ್ತದೋ.

"ಈಗ ವಸಂತದಲ್ಲಿ ಇರುವವರು ಕೈ ಎತ್ತಿ" ಎಂದರು ಪಾಸ್ಟರ್.

ಹತ್ತಿಪ್ಪತ್ತು ಕೈಗಳು ಎದ್ದವು. ಮುಂದಿನ ಸಾಲಿನಲ್ಲಿದ್ದ ಬ್ಯಾಂಕಿನ ಹೆಂಗಸು ಎರಡೂ ಕೈ ಎತ್ತಿದಳು. ಹೋದ ತಿಂಗಳು ಇದೇ ಜಾಗದಲ್ಲಿ ನೆಲಕ್ಕೆ ಹಣೆ ಚಚ್ಚಿಕೊಂಡು ಅತ್ತವಳೂ ಅವಳೇ. ಒಂದು ತಿಂಗಳಲ್ಲಿ ಚಳಿಗಾಲ ದಾಟಿ ವಸಂತಕ್ಕೆ ಬಂದಿದ್ದಳು. ಟೌನ್ ಬಸ್ಸು ಕೂಡ ಅಷ್ಟು ಬೇಗ ಬರುವುದಿಲ್ಲ. ರಾಜಾತಿಯ ತುಟಿ ಒಂದು ಕಡೆಗೆ ಎಳೆದುಕೊಂಡಿತು. ಮೂವತ್ತೈದು ವರ್ಷದ ಹಳೆಯ ವಿಶ್ವಾಸಿ, ಭಕ್ತಿಯಿಂದ ನಗುತ್ತಿದ್ದಾರೆ ಎಂದು ಹೊಸಬರು ತಿಳಿದುಕೊಳ್ಳುತ್ತಿದ್ದರು.

ಆಗ ಬಾಗಿಲ ಬಳಿ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಎಪ್ಪತ್ತು ದಾಟಿದ, ದಪ್ಪ ಮೈಯ ಹೆಂಗಸೊಬ್ಬಳು ಒಂದು ಕೈಯನ್ನು ಮಂಡಿಯ ಮೇಲೆ ಊರಿಕೊಂಡು ಮೆಟ್ಟಿಲು ಹತ್ತಿ ಒಳಗೆ ಬಂದಳು. ಹಣೆ ತುಂಬ ವಿಭೂತಿ. ಒಳಗೆ ಬಂದವಳೇ ಗುಡಿಯ ಮುಂದೆ ಮುಗಿಯುವ ಹಾಗೆ ಎರಡೂ ಕೈಯನ್ನು ತಲೆಯ ಮೇಲೆ ಎತ್ತಿ ಮುಗಿದಳು. ಮುಗಿದದ್ದು ಪರದೆಯ ಮೇಲಿನ ಹಿಮಕ್ಕೆ.

ರಾಜಾತಿಯ ಕೈಯಲ್ಲಿದ್ದ ಸೆರಗು ಕತ್ತಿನ ಹತ್ತಿರವೇ ನಿಂತಿತು. ಬಂದವಳು ಅವಳ ವಾರಗಿತ್ತಿ ಪಳನಿಯಮ್ಮ, ಗಂಡನ ಅಣ್ಣನ ಹೆಂಡತಿ. ಮೂವತ್ತೈದು ವರ್ಷದ ಹಿಂದೆ, ಯೇಸುವನ್ನು ನಂಬಿದಳು ಎಂಬ ಒಂದೇ ಕಾರಣಕ್ಕೆ, ರಾಜಾತಿಯನ್ನು ಮನೆಯಿಂದ ಬೇರೆ ಹಾಕಿಸಿದವಳು.

ಆಗ ರಾಜಾತಿಯ ಮಗಳು ಭುವನಾಗೆ ಮೂರು ವರ್ಷ. ಜ್ವರ ತಲೆಗೇರಿ ಮಗು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿತ್ತು. ದಿನವೂ ಸೈಕಲ್ಲಿನಲ್ಲಿ ವಾರ್ಡಿಗೆ ಬಂದು ರೋಗಿಗಳ ಜೊತೆ ಮಾತಾಡಿ ಹೋಗುತ್ತಿದ್ದ ಅರುಳ್‌ದಾಸ್ ಅಯ್ಯ, ಈ ಸಭೆಯ ಆಗಿನ ಪಾಸ್ಟರ್, ಜಾನ್ ಸೆಲ್ವಂನ ತಂದೆ, ಆರನೆಯ ದಿನ ಅವಳ ಮುಖ ನೋಡಿ, "ನೀನು ಮಲಗಮ್ಮ, ಮಗುವನ್ನು ನಾನು ನೋಡಿಕೊಳ್ಳುತ್ತೇನೆ" ಎಂದರು. ಅವಳು ನೆಲದ ಮೇಲೆ ಸೆರಗು ಹಾಸಿಕೊಂಡು ನಾಲ್ಕು ಗಂಟೆ ಹೊತ್ತು ಸತ್ತವಳ ಹಾಗೆ ಮಲಗಿದಳು. ಎದ್ದಾಗ ಆ ಮನುಷ್ಯ ಕೂತಲ್ಲೇ ಕೂತಿದ್ದರು. ತೊಡೆಯ ಮೇಲಿದ್ದ ಮಗು ಉಚ್ಚೆ ಹೊಯ್ದು ಪಂಚೆಯೆಲ್ಲ ನೆನೆದಿತ್ತು; ಮಗುವಿಗೆ ಎಚ್ಚರವಾದೀತು ಎಂದು ಅವರು ಅಲುಗಿರಲಿಲ್ಲ. ಭುವನಾ ಉಳಿದದ್ದು ಔಷಧಿಯಿಂದಲೋ ಪ್ರಾರ್ಥನೆಯಿಂದಲೋ ರಾಜಾತಿಗೆ ಇವತ್ತಿಗೂ ಗೊತ್ತಿಲ್ಲ. ಅವಳು ಯೇಸುವನ್ನು ನಂಬಿದ್ದು ಆ ನೆನೆದ ಪಂಚೆಯನ್ನು ನೋಡಿ. ಆದರೆ ಜಾನ್ ಸೆಲ್ವಂ ವರ್ಷಕ್ಕೊಮ್ಮೆ ಅವಳ ಸಾಕ್ಷಿಯನ್ನು, ಅವಳು ನಂಬಿದ ಕತೆಯನ್ನು, ಸಭೆಗೆ ಹೇಳುವಾಗ ಅದರಲ್ಲಿ ಪಂಚೆ ಇರುತ್ತಿರಲಿಲ್ಲ. ಅವರ ಕತೆಯಲ್ಲಿ ಡಾಕ್ಟರುಗಳು ಕೈಬಿಟ್ಟಿದ್ದರು, ಕಿಟಕಿಯಲ್ಲಿ ಬೆಳಕು ಕಂಡಿತ್ತು, ಮಗು ಎದ್ದು ಕೂತು ಇಡ್ಲಿ ಕೇಳಿತ್ತು.

ಅರುಳ್‌ದಾಸ್ ಅಯ್ಯನ ಕಾಲದಲ್ಲಿ ಸಭೆಯ ಹೆಂಗಸರು ಒಡವೆ ತೊಡುವಂತಿರಲಿಲ್ಲ. ಗಂಡ ವಿಶ್ವನಾಥನ್ ತಾನು ಮತ ಬಿಡಲಿಲ್ಲ, ಹೆಂಡತಿಗೆ ಬೇಡ ಎಂದೂ ಹೇಳಲಿಲ್ಲ. ಅವನು ತಲೆಯಾಡಿಸಿದ ಮೇಲೆ ರಾಜಾತಿ ತಾಳಿ, ಕಾಲುಂಗುರ, ಬಳೆ ಎಲ್ಲ ಬಿಚ್ಚಿಟ್ಟಳು. ಮರುದಿನ ಬೀದಿಯ ನಲ್ಲಿಯ ಹತ್ತಿರ ಪಳನಿಯಮ್ಮ, "ಗಂಡ ಬದುಕಿರೋ ಮುಂಡೆ ಬಂದ್ಲು, ಕೊಡ ಎತ್ಕೊಳ್ರೇ" ಎಂದಳು. ಹೆಂಗಸರು ನಿಜವಾಗಿಯೂ ಎತ್ತಿಕೊಂಡರು. ತಿಂಗಳೊಳಗೆ ಮನೆಯ ನಡುವೆ ಗೋಡೆ ಎದ್ದಿತು. ಎರಡು ಮಗ್ಗ ಆ ಕಡೆ, ಒಂದು ಈ ಕಡೆ. ಮಾರನೆಯ ವರ್ಷ ರಾಜಾತಿಗೆ ಹುಟ್ಟಿದ ಗಂಡು ಕೂಸು ಹೆಸರಿಡುವ ಮೊದಲೇ ತೀರಿಕೊಂಡಾಗ ಪಳನಿಯಮ್ಮ ಹೊಸ್ತಿಲ ಆಚೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ, "ಯಾಕ್ ಅಳ್ತೀಯೆ? ನಿನ್ ಯೇಸು ಅವ್ನಲ್ಲ, ಕೇಳು, ಎಬ್ಬುಸ್ಕೊಡ್ಲಿ" ಎಂದಿದ್ದಳು.

ಆ ಮಾತಿನ ಮೇಲೆ ರಾಜಾತಿ ಎಷ್ಟೋ ವರ್ಷ ನಂಬಿಕೆ ನಡೆಸಿದಳು. ಕೂಸು ಹೋದ ದಿನವೇ ದೇವರು ಅವಳೊಳಗೆ ಅರ್ಧ ಸತ್ತಿದ್ದ. ಉಳಿದ ಅರ್ಧವನ್ನು ಅವಳು ಹಟಕ್ಕೆ ಸಾಕಿದಳು. ಬಿಟ್ಟರೆ ಪಳನಿಯಮ್ಮ ಗೆದ್ದ ಹಾಗೆ. ಹಟ ಬರಬರುತ್ತ ಅಭ್ಯಾಸವಾಯಿತು. ಅಭ್ಯಾಸದೊಳಗೆ ಕೆಲವು ವರ್ಷ, ಯಾರೂ ಕರೆಯದೆ, ನಿಜವಾದ ಪ್ರೀತಿಯೂ ಬಂದು ಇದ್ದು ಹೋಯಿತು. ಮಗ್ಗದ ಕುಣಿಯಲ್ಲಿ ಕಾಲಾಡಿಸುತ್ತ ತಾನೇ ಪದ ಕಟ್ಟಿ ಹಾಡಿಕೊಂಡ ದಿನಗಳಿದ್ದವು. ಆಮೇಲೆ ಹೋದ ವರ್ಷ, ಪೊಂಗಲ್ ಕಳೆದ ಮೇಲೆ ಒಂದು ಬೆಳಿಗ್ಗೆ, ಎಂದಿನಂತೆ ಐದು ಗಂಟೆಗೆ ಮಂಡಿಯೂರಿ ಬಾಯಿ ತೆರೆದಾಗ ಮಾತು ಬರಲಿಲ್ಲ. ಯಾರೂ ಸತ್ತಿರಲಿಲ್ಲ, ಯಾವ ಕಷ್ಟವೂ ಬಂದಿರಲಿಲ್ಲ. ಆ ಕಡೆ ಯಾರೂ ಇಲ್ಲ ಎಂದು ಅನ್ನಿಸಿತು, ಅಷ್ಟೇ. ಮೂರು ದಿನ ನೋಡಿದಳು. ನಾಲ್ಕನೆಯ ದಿನ ಆ ಹೊತ್ತಿಗೆ ಎದ್ದೇಳಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಭಾನುವಾರ ಮಾತ್ರ ತಪ್ಪಿಸುತ್ತಿರಲಿಲ್ಲ. ಬಂದು ಕೂತು, ಕೈ ಎತ್ತುವವರನ್ನು ನೋಡಿ ತುಟಿ ಎಳೆಯುವುದೊಂದೇ ಅವಳಿಗೆ ಉಳಿದಿದ್ದ ಆರಾಧನೆ.

ಸಭೆ ಮುಗಿದ ಮೇಲೆ ಪಾಸ್ಟರ್ ಪಳನಿಯಮ್ಮನ ತೋಳು ಹಿಡಿದು ರಾಜಾತಿಯ ಕುರ್ಚಿಯ ತನಕ ಕರೆದುಕೊಂಡು ಬಂದರು. ಬಿಳಿ ಅಂಗಿಯ ಕಂಕುಳಲ್ಲಿ ಬೆವರಿದ್ದರೂ ಮುಖದಲ್ಲಿ ಮದುವೆ ಗಂಡಿನ ಕಳೆ.

"ಸ್ತೋತ್ರಂ ಅಮ್ಮಾ! ನೋಡಿ, ಯಾರು ಬಂದಿದ್ದಾರೆ! ನಿಮ್ಮ ಮೂವತ್ತೈದು ವರ್ಷದ ಪ್ರಾರ್ಥನೆಗೆ ಉತ್ತರ ಸಿಕ್ಕಿದೆ. ಬರುವ ಶನಿವಾರ ಕೊಳತ್ತೂರಿನಲ್ಲಿ, ಮೇಟ್ಟೂರು ಅಣೆಕಟ್ಟಿನ ಹಿನ್ನೀರಲ್ಲಿ ಇವರಿಗೆ ಜ್ಞಾನಸ್ನಾನ, ಬ್ಯಾಪ್ಟಿಸಂ. ನೀವಿಬ್ಬರೂ ಕೈ ಹಿಡಿದುಕೊಂಡು ನಿಂತು ಒಂದೆರಡು ಮಾತು ಸಾಕ್ಷಿ ಹೇಳಿದರೆ ಸಾಕು. ವಿಡಿಯೊ ಮಾಡುತ್ತೇವೆ. ಅಳು ಬಂದರೆ ತಡೆದುಕೊಳ್ಳಬೇಡಿ."

ರಾಜಾತಿ ವಾರಗಿತ್ತಿಯ ಹಣೆ ನೋಡಿ ಕನ್ನಡದಲ್ಲಿ ಹೇಳಿದಳು: "ಇಬೂತಿ ಮೆತ್ಕೊಂಡು ಯೇಸು ತಾವ ಬಂದವ್ಳೆ. ಇಲ್ಲಿಂದ ಸೀದಾ ಚೌಡಮ್ಮನ ಗುಡೀಗೂ ಓಯ್ತಾಳೆ. ಎಲ್ಡೂ ಕಡೆ ಪ್ರಸಾದ ತಿನ್ಲಿ."

ಪಾಸ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಅವರು ಕಣ್ಣು ಮುಚ್ಚಿ, "ಆಮೆನ್" ಎಂದರು.

ಪಳನಿಯಮ್ಮ ಸೆರಗಿನ ತುದಿಯಿಂದ ಹಣೆ ಒರೆಸಿಕೊಂಡಳು. "ಮರ್ತೋಯ್ತು ಕಣೆ. ಬೆಳಿಗ್ಗೆ ಎದ್ದೇಟ್ಗೆ ಕೈ ತಾನೇ ಓಯ್ತದೆ."

ರಾಜಾತಿ ಎದ್ದು ಹೊರಗೆ ನಡೆದಳು. ಗೇಟಿನ ಎದುರು ಹೊಂಗೆ ಮರದ ಕೆಳಗೆ ವಿಶ್ವನಾಥನ್ ಮೊಪೆಡ್ಡಿನ ಮೇಲೆ ಕೂತು ಕಾಯುತ್ತಿದ್ದ. ಮೂವತ್ತೈದು ವರ್ಷದಿಂದ ಪ್ರತಿ ಭಾನುವಾರ ಅವಳನ್ನು ಬಿಟ್ಟು, ಕರೆದುಕೊಂಡು ಹೋಗುತ್ತಿದ್ದವನು ಒಂದು ಸಲವೂ ಗೇಟು ದಾಟಿರಲಿಲ್ಲ.

"ಅತ್ತಿಗೆ ಒಳೀಕ್ ಓಗಿದ್ದು ನೋಡ್ದೆ" ಎಂದ.

"ಸಾಯೋ ಕಾಲುಕ್ಕೆ ಎಲ್ಲಾ ದೇವ್ರುಗೂ ಒಂದೊಂದ್ ಅರ್ಜಿ ಆಕ್ತಾವ್ಳೆ."

"ಬಂದ್ರೆ ನಿಂಗೇನು?"

ಅವಳು ಹಿಂದೆ ಹತ್ತಿ ಕೂತಳು. ತನಗೇನು ಎಂಬುದು ಅವಳಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ತಾಳಿ ಬಿಚ್ಚದೆ, ನಲ್ಲಿಯಲ್ಲಿ ಮಾತು ಕೇಳದೆ, ಒಬ್ಬಳೇ ಮಗುವನ್ನು ಮಣ್ಣು ಮಾಡದೆ, ಮಂಡಿ ಹಿಡಿದುಕೊಂಡು ನಾಲ್ಕು ಮೆಟ್ಟಿಲು ಹತ್ತಿ ಬಂದವಳಿಗೆ ಸಭೆಯೆಲ್ಲ ಎದ್ದುನಿಂತು ಚಪ್ಪಾಳೆ. ಆ ಮುಖದಲ್ಲಿ ಹೊಳಪು ಬೇರೆ. ಅಂಥ ಹೊಳಪು ತನಗೂ ಒಂದು ಕಾಲದಲ್ಲಿ ಇತ್ತು. ಇವಳಿಗೆ ಅದನ್ನು ಯಾರು ಕೊಟ್ಟರು? ಸಂಜೆ ಓಮಲೂರಿನಿಂದ ಭುವನಾ ಫೋನ್ ಮಾಡಿ ತಮಿಳಿನಲ್ಲಿ, ದೊಡ್ಡಮ್ಮ ಕ್ರಿಶ್ಚಿಯನ್ ಆಗುತ್ತಾರಂತೆ ನಿಜವಾ ಎಂದು ಕೇಳಿ ಬಿದ್ದು ಬಿದ್ದು ನಕ್ಕಳು. ರಾಜಾತಿ ಫೋನ್ ಇಟ್ಟುಬಿಟ್ಟಳು.

ಬುಧವಾರ ಮಧ್ಯಾಹ್ನ ಒಳಕೋಣೆಯಲ್ಲಿ ವಿಶ್ವನಾಥನ್ ಮಗ್ಗದ ಮೇಲಿದ್ದ. ಹೊರಗಿನ ಪಡಸಾಲೆಯಲ್ಲಿ ರಾಜಾತಿ ರಾಟೆಯ ಮುಂದೆ ಕೂತು ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು.

"ರಾಜಾತಿ, ಒಳೀಕ್ ಬರ್ಲಾ?"

"ಬಾಗ್ಲು ತೆಗ್ದೈತಲ್ಲ."

ಪಳನಿಯಮ್ಮ ಒಳಗೆ ಬಂದು, ನೆಲಕ್ಕೆ ಕೂರಲಾಗದೆ, ಒಳಕೋಣೆಯ ಮೆಟ್ಟಿಲ ಮೇಲೆ ಮೆಲ್ಲಗೆ ಕೂತಳು.

"ಶನಿವಾರ ನೀರ್ಗೆ ಇಳೀಬೇಕಂತೆ. ನಂಗೆ ಮಂಡಿ ನಿಲ್ಲಾಕಿಲ್ಲ. ಆ ಪಾಸ್ಟ್ರಯ್ಯ ನಾನೇ ಇಡ್ಕೋತೀನಿ ಅಂತಾರೆ. ಅವ್ರ ತೋಳು ನೋಡಿದ್ಯಾ? ನುಗ್ಗೇಕಾಯಿ. ನಾ ಮುಳುಗುದ್ರೆ ಅವ್ರೂ ಜೊತೇಲಿ ಓಯ್ತಾರೆ. ನೀ ಬಂದು ಇಡ್ಕೋ."

"ನಾ ಯಾಕೆ? ಗಂಡ ಓದ್ಮೇಲೆ ಒತ್ತೋಗ್ದೆ ಯೇಸು ನೆಪ್ಪಾದ್ನಾ? ಎಂಟು ತಿಂಗ್ಳಾಗೈತೆ ಬಾವ ಓಗಿ. ಟೀವಿ ಕೆಟ್ಟೋಯ್ತಾ?"

ರಾಜಾತಿ ಮೂವತ್ತನಾಲ್ಕು ವರ್ಷ ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದುದನ್ನು ಈಗ ತೆಗೆದಳು.

"ನನ್ ಕೂಸು ಸತ್ ದಿನ ನೀ ಏನಂದೆ, ನೆಪ್ಪೈತಾ?"

ಒಳಗೆ ಮಗ್ಗದ ಸದ್ದು ನಿಂತಿತು.

"ಐತೆ" ಎಂದಳು ಪಳನಿಯಮ್ಮ. "ಅದುನ್ನ ಯೋಳ್ಕೊಂಬೇಕಂತ್ಲೇ ಮೊದ್ಲು ಆ ಪಾಸ್ಟ್ರಯ್ಯನ ತಾವ ಓದೆ. ಎಲ್ಲಾ ಯೋಳ್ದೆ. 'ಎಲ್ಲಾ ಮನ್ನಿಸಿ ಆಯ್ತಮ್ಮ, ಮರ್ತುಬುಡಿ' ಅಂದ್ರು. ಕಣ್ ಮುಚ್ಚಿ ತೆಗ್ಯೋ ಅಷ್ಟ್ರಲ್ಲಿ. ನಂಗೆ ಸಿಟ್ಟು ಬಂತು ಕಣೆ. ಮನ್ನಿಸಾಕೆ ನೀನ್ಯಾರಪ್ಪ, ಕೂಸು ನಿಂದಾ?"

ಜಾನ್ ಸೆಲ್ವಂ ಬಗ್ಗೆ ತನ್ನ ಮನಸ್ಸಿನಲ್ಲಿದ್ದುದನ್ನು ಇನ್ನೊಬ್ಬರ ಬಾಯಿಂದ ರಾಜಾತಿ ಕೇಳಿದ್ದು ಅದೇ ಮೊದಲು. ಅದನ್ನು ಹೇಳಲು ಇವಳೇ ಬರಬೇಕಾಗಿತ್ತೇ ಎಂದು ಅವಳಿಗೆ ಅನ್ನಿಸಿತು.

"ಮತ್ಯಾಕೆ ಅಲ್ಲೀಗ್ ಓಯ್ತೀಯ?"

"ಅವ್ರುಗೋಸ್ಕರ ಅಲ್ಲ." ಪಳನಿಯಮ್ಮ ಕೈ ಚಾಚಿ ಪಕ್ಕದ ಗೋಡೆಯನ್ನು ಮುಟ್ಟಿದಳು. "ಇದು ಒಂಟಿ ಇಟ್ಟಿಗೆ ಗೋಡೆ. ನೀ ಐದು ಗಂಟೆಗೆ ಎದ್ದು ಶುರು ಮಾಡುದ್ರೆ ಆ ಕಡೆ ನಂಗೆ ಒಂದೊಂದ್ ಮಾತೂ ಕೇಳ್ಸೋದು. ಮೊದ್ಲು ಮೂರ್ ತಿಂಗ್ಳು ನೀ ನನ್ ಕೈ ಬಿದ್ದೋಗ್ಲಿ ಅಂತ ಬೇಡ್ಕೊಂಡೆ."

ರಾಟೆಯ ಮೇಲಿದ್ದ ರಾಜಾತಿಯ ಕೈ ನಿಂತಿತು.

"ಆಮೇಕೆ ನೀ ಅದುನ್ನ ಬುಟ್ಟೆ. ಯಾಕ್ ಬುಟ್ಟೆ ಅಂತ ನಂಗೆ ತಿಳೀನಿಲ್ಲ. ಒಂದಿನ 'ಪಳನಿಯಕ್ಕನ ಮಂಡಿ ನೋವು ಇಳ್ಸು' ಅಂದೆ. ಅತ್ಲಾಗೆ ಕೂತು ನಾ ಬೈಕೊಂಡೆ, ಇವ್ಳ ದೇವ್ರುಗೆ ನನ್ ಮಂಡಿ ಯಾಕೆ ಅಂತ. ನಮ್ಮೋರು ಎಲ್ಡು ವರ್ಸ ಮಲ್ಗಿದ್ರಲ್ಲ, ಉಚ್ಚೆ ಕಕ್ಸ ಎಲ್ಲಾ ನಾನೇ ಬಳ್ದೆ. ಬೆಳಿಗ್ಗೆ ನಿನ್ ದನಿ ಕೇಳುದ್ರೆ ಸರಿ, ಇನ್ನೊಂದಿನ ನೂಕ್ಬೋದು ಅನ್ಸೋದು. ಓದ್ವರ್ಸ ನೀ ನಿಲ್ಸುಬುಟ್ಟೆ. ಉಸಾರಿಲ್ವೇನೋ ಅಂದ್ಕೊಂಡೆ. ಆಚೆ ಬಂದು ನೋಡುದ್ರೆ ನೀ ನೀರು ಇಡೀತಿದ್ದೆ. ಒಂದ್ ತಿಂಗ್ಳು ಕಾದೆ. ಆಮೇಕೆ ನಾನೇ ಯೋಳ್ಕೊಂಡೆ. ಮಾತು ಗೊತ್ತಿತ್ತಲ್ಲ. ನಮ್ಮೋರು ಓಗೋ ದಿನಾನೂ ಅದ್ನೇ ಯೋಳ್ದೆ." ರಾಜಾತಿಯ ಕಡೆಗೆ ತಿರುಗಿ ಕೇಳಿದಳು: "ಯಾಕ್ ನಿಲ್ಸ್‌ದೆ?"

ರಾಜಾತಿಗೆ ಸ್ನಾನದ ಮನೆಯಲ್ಲಿ ಯಾರೋ ಇಷ್ಟು ವರ್ಷ ಸಂದಿಯಿಂದ ನೋಡುತ್ತಿದ್ದರು ಎಂದು ತಿಳಿದ ಹಾಗಾಯಿತು.

"ಕದ್ದು ಕೇಳಾಕೆ ನಾಚ್ಕೆ ಆಗ್ನಿಲ್ವಾ ನಿಂಗೆ?"

"ಗೋಡೆ ಕಟ್ಸಿದ್ದು ನಾನೇ ಅಲ್ವಾ. ಕೇಳ್ದೆ ಇರೋ ಅಂಗೆ ಕಟ್ಸ್‌ಬೇಕಾಗಿತ್ತು."

"ಓಗಕ್ಕ. ಎದ್ದು ಓಗು."

ಪಳನಿಯಮ್ಮ ಗೋಡೆ ಹಿಡಿದು ಎದ್ದಳು. ಕ್ಷಮಿಸು ಎಂದು ಕೇಳಲಿಲ್ಲ, ಅಳಲೂ ಇಲ್ಲ. ಬಾಗಿಲ ಹತ್ತಿರ ತಿರುಗಿ, "ಶನಿವಾರ ಆರು ಗಂಟೆಗೆ ವ್ಯಾನು" ಎಂದಷ್ಟೇ ಹೇಳಿ ಹೋದಳು.

ರಾಜಾತಿ ಒಳಕೋಣೆಯ ಬಾಗಿಲಿಗೆ ಹೋಗಿ ನಿಂತಳು. "ಕೇಳುಸ್ಕೊಂಡ್ರಾ? ಮೂವತ್ತೈದು ವರ್ಸ ನಾ ಬೇಯ್ಸಿದ್ದುನ್ನ ಇವ್ಳು ಬಂದು ಉಣ್ಕೊಂಡ್ ಓಯ್ತಾಳಂತೆ."

ವಿಶ್ವನಾಥನ್ ಹಾಸಿನ ಮೇಲೆ ಕೈಯಾಡಿಸುತ್ತ, ತಲೆ ಎತ್ತದೆ, "ನೀ ಒಲೆ ಆರ್ಸಿದ್ಯಲ್ಲ" ಎಂದ.

"ನಿಮ್ಗೆಂಗೆ ಗೊತ್ತು?"

"ಪಕ್ದಾಗೇ ಮಲ್ಗೋನಲ್ವಾ."

ಅವನು ಮತ್ತೆ ಲಾಳಿ ಎಸೆದ.

ಶನಿವಾರ ವ್ಯಾನಿನಲ್ಲಿ ರಾಜಾತಿ ಹಿಂದಿನ ಸೀಟಿನಲ್ಲಿ, ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದಳು. ಯಾಕೆ ಬಂದೆ ಎಂದು ಯಾರಾದರೂ ಕೇಳಿದ್ದರೆ, ಆ ಹೆಂಗಸು ಮುಳುಗುವುದನ್ನು ನೋಡಲು ಎಂದು ಹೇಳುತ್ತಿದ್ದಳು. ಯಾರೂ ಕೇಳಲಿಲ್ಲ. ಮೇಟ್ಟೂರು ದಾಟಿ ಕೊಳತ್ತೂರು ತಲುಪುವ ತನಕ ಹಾಡು, ಚಪ್ಪಾಳೆ. ಪಳನಿಯಮ್ಮನಿಗೆ ಒಂದು ಹಾಡೂ ಗೊತ್ತಿರಲಿಲ್ಲ. ಎಲ್ಲರಿಗಿಂತ ಒಂದು ಪೆಟ್ಟು ತಡವಾಗಿ ಚಪ್ಪಾಳೆ ತಟ್ಟುತ್ತಿದ್ದಳು.

ಹಿನ್ನೀರು ಇಳಿದಿತ್ತು. ದಡದಿಂದ ನೀರಿನ ತನಕ ಬಿರುಕು ಬಿಟ್ಟ ನೆಲ, ಅದರ ಮೇಲೆ ಬೋರಲು ಹಾಕಿದ ಹರಿಗೋಲುಗಳು. ಸ್ನಾನ ಮಾಡುವ ಒಂಬತ್ತು ಜನಕ್ಕೂ ಸೀರೆ, ಪ್ಯಾಂಟುಗಳ ಮೇಲೆ ಬಿಳಿಯ ನಿಲುವಂಗಿ ತೊಡಿಸಿದರು. ಪಳನಿಯಮ್ಮನ ಅಳತೆಯದು ಇರಲಿಲ್ಲ. ಅವಳ ನಿಲುವಂಗಿಯ ಗುಂಡಿಗಳು ಹೊಟ್ಟೆಯ ಮೇಲೆ ನಿಲ್ಲದೆ ಒಳಗಿನ ನೀಲಿ ಸೀರೆ ಕಾಣುತ್ತಿತ್ತು. ಸಭೆಯ ಯುವಕನೊಬ್ಬ ನೊಣದ ಹಾಗೆ ಗುಯ್‌ಗುಡುವ ಡ್ರೋನ್ ಹಾರಿಸಿದ. ಬಲೆ ಸರಿಮಾಡುತ್ತ ಕೂತಿದ್ದ ಮುದುಕನೊಬ್ಬ ತಲೆ ಎತ್ತಿ ಅದನ್ನು ನೋಡಿ, ಆಮೇಲೆ ಪಾಸ್ಟರ್ ಇಳಿಯುತ್ತಿದ್ದ ಜಾಗವನ್ನು ನೋಡಿ, ಕನ್ನಡದಲ್ಲಿ ಕೂಗಿದ: "ಅಲ್ಲಿ ಉಸುಬು ಐತೆ ಸಾಮಿ, ಕಾಲು ಇಡ್ಕೋತದೆ! ಈ ಕಡೆ ಗಟ್ಟಿ ನೆಲ, ಈ ಕಡೆ ಬನ್ನಿ!" ಪಾಸ್ಟರ್ ಅವನ ಕಡೆಗೆ ಕೈಯೆತ್ತಿ ಆಶೀರ್ವದಿಸಿ ಇನ್ನೂ ಎರಡು ಹೆಜ್ಜೆ ಮುಂದೆ ಹೋದರು. ಒಂದು ಚಪ್ಪಲಿ ಅಲ್ಲೇ ಹೂತುಹೋಯಿತು.

"ಎಂಥಾ ಮೇಯ್ಪನಪ್ಪ" ಎಂದಳು ರಾಜಾತಿ, ಯಾರಿಗೂ ಅಲ್ಲದ ಹಾಗೆ. ಸಭೆಯನ್ನು ಕುರಿಹಿಂಡು ಎಂದೂ ತಮ್ಮನ್ನು ಮೇಯ್ಪನ್, ಕುರುಬ, ಎಂದೂ ಕರೆದುಕೊಳ್ಳುವುದು ಜಾನ್ ಸೆಲ್ವಂಗೆ ಬಹಳ ಇಷ್ಟ.

ಎಂಟು ಜನ ಮುಳುಗಿ ಎದ್ದರು. ಒಂಬತ್ತನೆಯವಳಾಗಿ ಪಳನಿಯಮ್ಮ ನೀರಿನ ಅಂಚಿಗೆ ಬಂದು ನಿಂತಳು. ನೀರು ಪಾದಕ್ಕೆ ತಾಗಿದ್ದೇ ತಡ, ಅವಳ ಮುಖದ ಹೊಳಪೆಲ್ಲ ಇಳಿದುಹೋಯಿತು. ತಿರುಗಿ ನೋಡಿದಳು. ರಾಜಾತಿ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಡಿ, ಎಷ್ಟೊತ್ತು ನಿಲ್ತೀಯ" ಎಂದು ಅವಳ ರಟ್ಟೆ ಹಿಡಿದು ಮುದುಕ ತೋರಿಸಿದ ಕಡೆಯಿಂದ ಇಳಿಸಿದಳು.

"ಅಮ್ಮಾ, ನೀವು ಸ್ವಲ್ಪ ಆ ಕಡೆ ನಿಂತರೆ ಫ್ರೇಮಿಗೆ ಚೆನ್ನಾಗಿರುತ್ತದೆ" ಎಂದರು ಪಾಸ್ಟರ್.

"ಫ್ರೇಮನ್ನು ನಿಮ್ಮ ಮನೆಯ ಗೋಡೆಗೆ ಹಾಕಿಕೊಳ್ಳಿ" ಎಂದಳು ರಾಜಾತಿ, ಅವರಿಗೆ ತಿಳಿಯಲಿ ಎಂದು ತಮಿಳಿನಲ್ಲೇ.

ನೀರು ಎದೆಯ ಮಟ್ಟಕ್ಕೆ ಬಂತು. ಪಾಸ್ಟರ್ ಒಂದು ಕೈಯನ್ನು ಪಳನಿಯಮ್ಮನ ತಲೆಯ ಮೇಲಿಟ್ಟು, ಯೇಸುವನ್ನು ರಕ್ಷಕನೆಂದು ನಂಬುತ್ತೀರಾ ಎಂದು ಗಟ್ಟಿಯಾಗಿ ಕೇಳಿದರು. ಅವಳ ಉಗುರುಗಳು ರಾಜಾತಿಯ ತೋಳಿಗೆ ಇಳಿದವು. ಪಾಸ್ಟರ್ ಇನ್ನೊಂದು ಸಲ ಕೇಳಿದರು. ಡ್ರೋನ್ ಕೆಳಗೆ ಬಂದು ತಲೆಯ ಮೇಲೆ ನಿಂತಿತು. ಪಳನಿಯಮ್ಮ ಕಣ್ಣು ಗಟ್ಟಿಯಾಗಿ ಮುಚ್ಚಿ, ಕನ್ನಡದಲ್ಲಿ ಶುರು ಮಾಡಿದಳು.

"ತಂದೇ, ಬೆಳಕಾಯ್ತು. ನಾ ಎದ್ದಿವ್ನಿ, ನೀನೂ ಎದ್ದಿರು. ಮಗ್ಗ ನಿಂದು, ಕೈ ನಂದು. ಒಳೆ ಅರುದ್ರೆ ಗಂಟಾಕು..."

"ಅಮ್ಮಾ, 'ನಂಬುತ್ತೇನೆ' ಅಂದರೆ ಸಾಕು" ಎಂದರು ಪಾಸ್ಟರ್.

"ಒಳೆ ಅಲ್ಲ" ಎಂದಳು ರಾಜಾತಿ.

ಪಳನಿಯಮ್ಮ ಒಂದು ಕಣ್ಣು ತೆರೆದಳು. "ಆಂ?"

"ಒಳೆ ಅಲ್ಲಕ್ಕ, ಎಳೆ. ಎಳೆ ಅರುದ್ರೆ ಗಂಟಾಕು. ಒಳೆ ಅರುದ್ರೆ ಯಾವನಾದ್ರೂ ಗಂಟಾಕ್ತಾನಾ? ಒಂದ್ ವರ್ಸದಿಂದ ಇದುನ್ನೇ ಯೋಳ್ಕೊಂಡು ಕೂತಿದ್ಯಾ?"

"ನಂಗೆ ಒಳೆ ಅಂತ್ಲೇ ಕೇಳುಸ್ತು."

"ನೇಯೋರ ಮನೆ ಎಂಗ್ಸು ನೀನು. ಅಷ್ಟೂ ತಿಳೀನಿಲ್ವಾ?"

"ದೇವ್ರಲ್ವಾ, ಒಳೆಗೂ ಆಕ್ತಾನೇನೋ ಅಂದ್ಕೊಂಡೆ" ಎಂದಳು ಪಳನಿಯಮ್ಮ.

ರಾಜಾತಿ ನಗು ಬರುವ ಮೊದಲೇ ಅದನ್ನು ನುಂಗಿದಳು. "ಸರ್ಯಾಗ್ ಯೋಳು" ಎಂದಳು.

"ನೀ ಯೋಳ್ಕೊಡು. ನಂಗೆ ಈಗ ಎಲ್ಲಾ ಕಲ್ಸೋಯ್ತು."

ಪಾಸ್ಟರ್ ದಡದ ಕಡೆಗೆ ನೋಡಿ, ನಿಲ್ಲಿಸಬೇಡಿ, ಶೂಟ್ ಆಗುತ್ತಿರಲಿ ಎಂದು ಸನ್ನೆ ಮಾಡುತ್ತಿದ್ದರು. ರಾಜಾತಿ ಅವರ ಕಡೆಗೆ ಬೆನ್ನು ತಿರುಗಿಸಿದಳು. ದಡ್ಡ ಮಗುವಿಗೆ ಮಗ್ಗಿ ಹೇಳಿಕೊಡುವ ಹಾಗೆ, ಬೇಸರದ ದನಿಯಲ್ಲಿ, ಒಂದೊಂದೇ ಸಾಲು ಹೇಳಿದಳು. ತಂದೇ, ಬೆಳಕಾಯ್ತು. ನಾ ಎದ್ದಿವ್ನಿ, ನೀನೂ ಎದ್ದಿರು. ಪಳನಿಯಮ್ಮ ಹಿಂದೆಯೇ ಹೇಳಿದಳು. ಎಳೆ ಅರುದ್ರೆ ಗಂಟಾಕು. ಗಂಟು ಕಾಣ್ದಂಗೆ ಆಕು. ನನ್ ಮನೇಲಿ ಇರೋರ್ನ ಕಾಯಿ. ಮನೇಲಿ ಇಲ್ದಿರೋ ನನ್ ಕೂಸುನ್ನ ನೀನೇ ಎತ್ಕೊಂಡಿರು. ಅಲ್ಲಿಗೆ ಬಂದಾಗ ರಾಜಾತಿ ಕೆಮ್ಮಿ, ಆ ಸಾಲನ್ನು ಮೊದಲಿಂದ ಹೇಳಿದಳು. ಪಳನಿಯಮ್ಮ ಅದನ್ನು ಹಿಂದೆ ಹೇಳುವಾಗ 'ನನ್ ಕೂಸು' ಎನ್ನಲಿಲ್ಲ. "ರಾಜಾತಿ ಕೂಸುನ್ನ" ಎಂದಳು. ರಾಜಾತಿ ಅದನ್ನು ತಿದ್ದಲಿಲ್ಲ.

ಆ ಕಡೆ ಯಾರಾದರೂ ಇದ್ದರೋ ಇಲ್ಲವೋ ಅವಳಿಗೆ ಆಗಲೂ ಗೊತ್ತಾಗಲಿಲ್ಲ. ಈ ಕಡೆ ಒಬ್ಬಳಿದ್ದಳು, ಅವಳ ಭಾರವೆಲ್ಲ ತೋಳಿನ ಮೇಲಿತ್ತು.

"ಇಬ್ಬರೂ ಹಿಡಿಯೋಣ" ಎಂದರು ಪಾಸ್ಟರ್, ಮೊದಲ ಸಲ ಸಣ್ಣ ದನಿಯಲ್ಲಿ. ಹಿಡಿದರು. ಪಳನಿಯಮ್ಮ ಹಿಂದಕ್ಕೆ ವಾಲಿ ಮುಳುಗಿ, ಕಾಲು ಕಿತ್ತುಹೋಗಿ, ಒಂದು ಗಳಿಗೆ ಇಬ್ಬರನ್ನೂ ಎಳೆದುಕೊಂಡು ಹೋಗಿ, ಮೂಗು ಬಾಯಿಯಿಂದ ನೀರು ಉಗುಳುತ್ತ ಎದ್ದಳು.

"ಅಯ್ಯಯ್ಯೋ ಚೌಡಮ್ಮಾ!"

ದಡದಲ್ಲಿ ಮೈಕ್ ಹಿಡಿದಿದ್ದವನಿಗೆ ಅದು ಏನೆಂದು ಕೇಳಿಸಲಿಲ್ಲ. "ಅಲ್ಲೇಲೂಯಾ!" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಲೆಯ ಮುದುಕನಿಗೆ ಕೇಳಿಸಿತ್ತು. ಅವನು ತಲೆ ಬಗ್ಗಿಸಿಕೊಂಡು ಬಹಳ ಹೊತ್ತು ನಕ್ಕ.

ವ್ಯಾನಿನ ಹಿಂದೆ, ಜಾಲಿ ಮರದ ಮರೆಯಲ್ಲಿ, ಪಳನಿಯಮ್ಮ ಒಣಗಿದ ಸೀರೆ ಉಟ್ಟುಕೊಂಡು ನಿಂತಳು. ರಾಜಾತಿ ಬೇರೆ ಸೀರೆ ತಂದಿರಲಿಲ್ಲ; ಅವಳ ಮೈಯಿಂದ ಇನ್ನೂ ನೀರಿಳಿಯುತ್ತಿತ್ತು. ಆಚೆ ಕಡೆ ತಿಂಡಿಯ ಪೊಟ್ಟಣ ಹಂಚುತ್ತಿದ್ದರು, ಸಾಕ್ಷಿ ಹೇಳುವವರು ಬನ್ನಿ ಎಂದು ಪಾಸ್ಟರ್ ಮೈಕಿನಲ್ಲಿ ಎರಡು ಸಲ ಕರೆದರು. ಇಬ್ಬರೂ ಹೋಗಲಿಲ್ಲ.

ರಾಜಾತಿ ಬಗ್ಗಿ ಒದ್ದೆಯಾದ ನೀಲಿ ಸೀರೆಯನ್ನು ಎತ್ತಿ, ಅದರ ಒಂದು ತುದಿಯನ್ನು ವಾರಗಿತ್ತಿಯ ಕೈಗೆ ಎಸೆದಳು. ಇನ್ನೊಂದು ತುದಿ ಹಿಡಿದುಕೊಂಡು ಹಿಂದಕ್ಕೆ ನಡೆದಳು. ಹಿಂಡತೊಡಗಿದರು. ಎಷ್ಟು ತಿರುವಿದರೂ ಸೀರೆ ಸುಮ್ಮನೆ ಸುತ್ತುತ್ತಿತ್ತು, ನೀರು ಇಳಿಯಲಿಲ್ಲ.

"ಅಯ್ಯ, ನಾ ತಿರುವೋ ಕಡೀಕೇ ನೀನೂ ತಿರುವ್ತಾ ಇದ್ದೀಯಲ್ಲ. ನೀ ಆ ಕಡೀಕ್ ತಿರುವು."

"ಯಾವ್ ಕಡೆ?"

"ಆ ಕಡೆ."

ಪಳನಿಯಮ್ಮ ಕೈ ಬದಲಿಸಿದಳು. ಸೀರೆ ಇಬ್ಬರ ನಡುವೆ ಹಗ್ಗದ ಹಾಗೆ ಬಿಗಿಯಿತು. ನಡುವಿನಿಂದ ನೀರು ಮೊದಲು ಹನಿಯಾಗಿ, ಆಮೇಲೆ ಧಾರೆಯಾಗಿ ಬಿದ್ದು, ನೆಲದ ಬಿರುಕುಗಳೊಳಗೆ ಇಳಿಯುತ್ತ ಹೋಯಿತು.